ಕಪ್ಪು-ಬಿಳುಪಿನ ಮಿಂಚುಳ್ಳಿ

ಮಿಂಚುಳ್ಳಿಯೆಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ನೀಲಿ. ಆದರೆ ಆ ಕುಲದಲ್ಲಿಯೇ ಬಣ್ಣವನ್ನೆಲ್ಲ ತೊರೆದು, ಬರಿಯ ಕಪ್ಪು-ಬಿಳುಪುಗಳಿಂದಲೇ ಚೆಲುವಾದ ಹಕ್ಕಿಯೊಂದುಂಟು. ಶಾಸನಗಳನ್ನು ಓದಿಸುವ ನೆವದಿಂದ ವಿದ್ಯಾರ್ಥಿಗಳೊಡನೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಕೆರೆಗಳನ್ನು ಸುತ್ತುವ ನನಗೆ ಇದು ಹಳೆಯ ಪರಿಚಯ.

ಸುಮಾರು 25 ಸೆಂಟಿಮೀಟರು ಉದ್ದ. ನೆತ್ತಿಯ ಮೇಲೆ ಕೆದರಿದ ಜುಟ್ಟು. ಕಠಾರಿಯಂಥ ಕಪ್ಪು ಕೊಕ್ಕು. ಗಂಡಿನ ಬಿಳಿಯ ಎದೆಗೆ ಎರಡು ಕರಿಯ ಪಟ್ಟಿ, ಹೆಣ್ಣಿಗೆ ನಡುವೆ ತುಂಡಾದ ಒಂದೇ ಪಟ್ಟಿ. ಬಹುಪಾಲು ಮಿಂಚುಳ್ಳಿಗಳು ಕೊಂಬೆಯ ಮೇಲೆ ಕುಳಿತು ಮೀನಿಗಾಗಿ ಕಾಯುತ್ತವೆ. ಇದಾದರೋ ನೀರಿನ ಮೇಲೆ ರೆಕ್ಕೆ ಬಡಿಯುತ್ತ, ಕೊಕ್ಕನ್ನು ಕೆಳಗೆ ಮಾಡಿ ಒಂದೆಡೆಯಲ್ಲಿಯೇ ನಿಂತುಬಿಡುತ್ತದೆ. ಮರುಕ್ಷಣ ಕಲ್ಲಿನಂತೆ ನೀರಿಗೆ ಬೀಳುತ್ತದೆ. ಸಣ್ಣ ಮೀನಾದರೆ ಹಾರುತ್ತಲೇ ನುಂಗಬಲ್ಲದು. ಕೊಂಬೆಯ ಹಂಗಿಲ್ಲದ್ದರಿಂದ ಮರವಿಲ್ಲದ ಬಯಲು ಕೆರೆಯೂ ಇದಕ್ಕೆ ಒಪ್ಪುತ್ತದೆ.

ಇದರ ಬಳಗ ಆಫ್ರಿಕಾದ ನದಿ-ಸರೋವರಗಳಿಂದ ನಮ್ಮ ನಾಡಿನವರೆಗೂ ಅದರಾಚೆಗೂ ಹಬ್ಬಿದೆ. ಕ್ರಿ.ಪೂ. 14ನೆಯ ಶತಮಾನದಲ್ಲಿ ಈಜಿಪ್ಟಿನ ಅಮರ್ನಾ ಅರಮನೆಯ ಗೋಡೆಯ ಮೇಲೆ, ಜೊಂಡಿನ ನಡುವೆ ನೀರಿಗೆರಗುವ ಈ ಹಕ್ಕಿಯನ್ನು ಚಿತ್ರಕಾರನೊಬ್ಬನು ಬರೆದಿದ್ದಾನೆ. 1758ರಲ್ಲಿ ಲಿನೇಯಸನು ಇದಕ್ಕೆ ಶಾಸ್ತ್ರೀಯ ನಾಮವನ್ನಿತ್ತನು. ಕೀನ್ಯಾದ ಎರಡು ಸರೋವರಗಳಲ್ಲಿ ಇದರ ಸಂಸಾರವನ್ನು ಅಭ್ಯಸಿಸಿದ ಹೈನ್ಸ್-ಉಲ್ರಿಚ್ ರೇಯರ್ ಎಂಬ ವಿಜ್ಞಾನಿ ಸೊಗಸಾದ ಸಂಗತಿಯೊಂದನ್ನು ಕಂಡನು. ಹಿರಿಯ ಗಂಡುಮಕ್ಕಳು ತಾಯಿತಂದೆಯರೊಡನೆ ನಿಂತು ಕಿರಿಯ ಮರಿಗಳಿಗೆ ಮೀನು ತರುತ್ತವೆ. ಮೀನು ಸುಲಭವಾಗಿ ದೊರೆಯುವ ನೈವಾಶಾದಲ್ಲಿ ಹೊರಗಿನ ನೆರವಿಗರನ್ನು ದಂಪತಿಗಳು ಅಟ್ಟಿಬಿಡುತ್ತವೆ. ಬೇಟೆ ಕಷ್ಟವಾದ ವಿಕ್ಟೋರಿಯಾದಲ್ಲಿ ಅವನ್ನೂ ಸೇರಿಸಿಕೊಳ್ಳುತ್ತವೆ. ಬಡತನವು ಬಾಗಿಲನ್ನು ತೆರೆಸುವುದು ಮನುಷ್ಯರಲ್ಲಿ ಮಾತ್ರವಲ್ಲ!

ಆಫ್ರಿಕಾದಲ್ಲಿ ಇದಕ್ಕೆ ಪ್ರಕೃತಿಯೇ ತೋಡಿದ ಸರೋವರಗಳುಂಟು. ನಮ್ಮ ಸೀಮೆಯಲ್ಲಿ ವರದಾ, ಕುಮುದ್ವತಿಗಳ ದಡಗಳನ್ನುಳಿದರೆ ಇದಕ್ಕೆ ಆಸರೆ ನಮ್ಮ ಹಿರಿಯರು ಕಟ್ಟಿಸಿದ ಕೆರೆಗಳು: ಹಾನಗಲ್ಲಿನ ಆನಿಕೆರೆ, ಸವಣೂರಿನ ಮೋತಿ ತಲಾಬು, ಕುಮುದ್ವತಿಯ ನೀರನ್ನು ಹಿಡಿದಿಟ್ಟ ಮದಗ-ಮಾಸೂರು ಕೆರೆ. ಕೆರೆಯ ಶಾಸನಗಳು ಭೂಮಿಯನ್ನೂ ದಾನಿಯನ್ನೂ ಹೆಸರಿಸುತ್ತವೆ. ಆ ದಾನದಲ್ಲಿ ಈ ಹಕ್ಕಿಗೂ ಪಾಲಿತ್ತೆಂಬುದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ.

ಆ ಪಾಲು ಈಗ ಕರಗುವ ಭಯವುಂಟು. ಮಿಂಚುಳ್ಳಿಗೆ ಮೀನು ಕಾಣುವಷ್ಟು ತಿಳಿಯಾದ ನೀರು ಬೇಕು; ಗೂಡಿಗಾಗಿ ಕಡಿದಾದ ಮಣ್ಣಿನ ದಡ ಬೇಕು. ಆ ದಡದಲ್ಲಿ ಅದು ಒಂದು ಮೀಟರಿಗೂ ಮಿಗಿಲಾದ ಸುರಂಗವನ್ನು ಕೊರೆದು, ಅದರ ತುದಿಯಲ್ಲಿ ಮೊಟ್ಟೆಯಿಡುತ್ತದೆ. ಕೆರೆಗೆ ಊರ ಕೊಳೆ ಸೇರಿದರೆ ಬೇಟೆ ಕೆಡುತ್ತದೆ. ಚೆಲುವಿಗಾಗಿ ಸುತ್ತಲೂ ಕಾಂಕ್ರೀಟು ಬಳಿದರೆ ಮನೆಯೇ ಇಲ್ಲವಾಗುತ್ತದೆ. ಶಿಗ್ಗಾವಿ ತಾಲೂಕಿನ ಬಂಕಾಪುರದ ಕೋಟೆಯಲ್ಲಿ ನವಿಲಿಗೆ 2006ರಲ್ಲಿ ಧಾಮವಾಯಿತು, ಸಂತೋಷ. ಮಿಂಚುಳ್ಳಿಯು ಕೋಟೆಯನ್ನು ಬೇಡುವುದಿಲ್ಲ. ಏರಿಯ ಭದ್ರತೆಗೆ ಕಲ್ಲು ಕಟ್ಟುವುದಿದ್ದರೆ ಕಟ್ಟೋಣ. ಎದುರು ದಡದಲ್ಲಿ ನಾಲ್ಕು ಮಾರು ಬರಿಯ ಮಣ್ಣನ್ನು ಮುಟ್ಟದೆ ಬಿಡೋಣ. ಅದಕ್ಕೆ ಅಷ್ಟು ಸಾಕು.