ಎಗ್ಮೋರಿಗೆ ಹೋಗಲು ನಮಗೆ ಎಂಟು ತಿಂಗಳು ಹಿಡಿಯಿತು

ಮಿಂಟ್ ಸ್ಟ್ರೀಟಿನ ಸಂಜೆಯನ್ನು ನೋಡಿದವರಿಗೆ ನಾನು ಹೇಳುವುದು ಕಣ್ಣಿಗೆ ಕಟ್ಟೀತು. ಒಂದು ಕಡೆ ಜಿಲೇಬಿ ಬಾಣಲೆ, ಇನ್ನೊಂದು ಕಡೆ ಸ್ಟೀಲ್ ಪಾತ್ರೆ ಅಂಗಡಿ, ನಡುವೆ ಉಳಿದ ಚೂರು ಜಾಗದಲ್ಲಿ ಸ್ಕೂಟರು, ಕೈಗಾಡಿ, ದನ, ಮದುವೆ ಜವಳಿಗೆ ಬಂದವರು. ಕಳೆದ ದೀಪಾವಳಿಗೆ ಒಂದು ವಾರ ಇದ್ದಾಗ, ಈ ಜಾಗದಲ್ಲಿ ನನ್ನ ಏಳು ವರ್ಷದ ಮಗ ಅಂಗಾತ ಮಲಗಿಬಿಟ್ಟ. ಅವನಿಗೆ ಬೇಕಾಗಿದ್ದು ರೀಲು ಪಟಾಕಿಯ ಪಿಸ್ತೂಲು. ಮೂಟೆ ಹೇರಿಕೊಂಡು ಬರುತ್ತಿದ್ದ ಗಾಡಿಯವನು ಗಕ್ಕನೆ ನಿಲ್ಲಿಸಿ ತಮಿಳಿನಲ್ಲಿ ಬೈದ. ನಾನು ಮಗನನ್ನು ಎಳೆದೆಬ್ಬಿಸಿ ಕೆನ್ನೆಗೆ ಬಾರಿಸಿದೆ. ಅವನು ನನ್ನ ಕೈ ಕಚ್ಚಿದ. ಎರಡು ನಿಮಿಷ ಕಳೆದ ಮೇಲೆ ಪಿಸ್ತೂಲನ್ನೂ ಕೊಡಿಸಿದೆ. ಜನ ನೋಡುತ್ತಿದ್ದರಲ್ಲ!

ಸೌಕಾರ್‌ಪೇಟೆಯಲ್ಲಿ ಕನ್ನಡದವರೇನು ಮಾಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಹೆಂಡತಿಯ ಬ್ಯಾಂಕು ಇಲ್ಲೇ ಎನ್.ಎಸ್.ಸಿ. ಬೋಸ್ ರಸ್ತೆಯ ಹತ್ತಿರ. ನನ್ನ ಆಫೀಸು ದೂರ, ಪಾರ್ಕ್ ಟೌನ್‌ನಲ್ಲಿ ರೈಲು ಹತ್ತಿ ತಿರುವಾನ್ಮಿಯೂರಿಗೆ ಹೋಗಬೇಕು. ಇಬ್ಬರಲ್ಲಿ ಒಬ್ಬರಾದರೂ ಮನೆಯ ಹತ್ತಿರ ಇರಲಿ ಎಂದು ಹಳೇ ಕಾಲದ ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದೇವೆ. ಮಾರ್ವಾಡಿ, ಗುಜರಾತಿ ಕುಟುಂಬಗಳ ನಡುವೆ ನಮ್ಮದು ಒಂದೇ ಕನ್ನಡದ ಮನೆ. ಊಟಕ್ಕೆ, ಬಟ್ಟೆಗೆ ಬರವಿಲ್ಲ. ಹುಡುಗ ಓಡಾಡಲು ಮಾತ್ರ ಅಂಗಳವಿಲ್ಲ.

ಜೂನ್‌ನಲ್ಲೇ ಶಾಲೆಯಿಂದ ಚೀಟಿ ಬರಲು ಶುರುವಾಗಿತ್ತು. ಪಕ್ಕದವನಿಗೆ ಹೊಡೆದ, ಓದು ಎಂದರೆ ಪುಸ್ತಕ ಎಸೆದ, ಬೆಂಚಿನ ಕೆಳಗೆ ಕೂತ. ದಾವಣಗೆರೆಯಿಂದ ಬಂದಿದ್ದ ಅಮ್ಮ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದು, “ಏ ಬಿಡಪ್ಪ, ನೀನೂ ಹಿಂಗೇ ಇದ್ದಿ. ನಿಮ್ಮಪ್ಪನ ಬೆಲ್ಟು ನೋಡಿ ಸರಿಹೋದಿ” ಅಂದರು. ಆಗಸ್ಟ್‌ನಲ್ಲಿ ಒಬ್ಬ ಖಾಸಗಿ ಕೌನ್ಸೆಲರ್ ಹತ್ತಿರ ಹೋದೆವು. ಅರ್ಧ ಗಂಟೆಗೆ ಒಂದೂವರೆ ಸಾವಿರ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ತಮಿಳು, ಇಂಗ್ಲಿಷು. ಮಗುವಿನ ತಲೆ ಗೊಂದಲವಾಗಿದೆ, ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿ ಎಂದು ಸಲಹೆ ಸಿಕ್ಕಿತು. ಆರು ವಾರ ಹಾಗೇ ಮಾಡಿದೆವು. ಅಜ್ಜಿ ಫೋನ್ ಮಾಡಿದರೆ ಹುಡುಗ “ಹಲೋ” ಎಂದು ಫೋನನ್ನು ನನ್ನ ಕೈಗೆ ಕೊಡತೊಡಗಿದ. ಹೊಡೆದಾಟವೇನೂ ಕಮ್ಮಿಯಾಗಲಿಲ್ಲ.

ಎಗ್ಮೋರಿನ ದಾರಿ ತೋರಿಸಿದ್ದು ಕೆಳಗಿನ ಮನೆಯ ದಾದೀಜಿ. ಅವರ ಮೊಮ್ಮಗನಿಗೆ ಮಾತು ತಡವಾಗಿದ್ದಾಗ ಅಲ್ಲಿಗೇ ಕರೆದುಕೊಂಡು ಹೋಗಿದ್ದರಂತೆ. ಸರ್ಕಾರಿ ಆಸ್ಪತ್ರೆ ಎಂದು ನಾನು ಹಿಂದೇಟು ಹಾಕಿದೆ. ನಿಜ ಹೇಳಬೇಕೆಂದರೆ, ಆ ಚೀಟಿಯ ಮೇಲೆ ಮಗನ ಹೆಸರು ಬರೆಸುವುದೇ ನನಗೆ ಬೇಡವಾಗಿತ್ತು. ಮನೆಯಿಂದ ಮೂರು ಕಿಲೋಮೀಟರ್ ಆಚೆಗಿನ ಆಸ್ಪತ್ರೆಗೆ ಹೊರಟಿದ್ದು ಫೆಬ್ರವರಿಯಲ್ಲಿ. ಆಫೀಸಿಗೆ “ಜ್ವರ” ಎಂದು ರಜೆ ಹಾಕಿದ್ದೆ.

ಎಗ್ಮೋರ್ ಮಕ್ಕಳ ಆಸ್ಪತ್ರೆ ಎಂದು ಎಲ್ಲರೂ ಕರೆಯುವ ಜಾಗದ ಪೂರ್ತಿ ಹೆಸರು ಇನ್‌ಸ್ಟಿಟ್ಯೂಟ್ ಆಫ್ ಚೈಲ್ಡ್ ಹೆಲ್ತ್ ಅಂಡ್ ಹಾಸ್ಪಿಟಲ್ ಫಾರ್ ಚಿಲ್ಡ್ರನ್. ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿದ್ದು. ಬೆಳಗ್ಗೆ ಬೇಗ ಹೋಗಿ ಓಪಿ ಚೀಟಿ ಮಾಡಿಸಬೇಕು, ಕಾಯಬೇಕು. ನಾವು ಮೂರು ಗಂಟೆ ಕಾದೆವು. ಆ ಸಾಲಿನಲ್ಲಿ ಅಪ್ಪಂದಿರು ಕಡಿಮೆ, ತಾಯಂದಿರು, ಅಜ್ಜಿಯರೇ ಹೆಚ್ಚು. ಬೆಂಚಿನಲ್ಲಿ ಪಕ್ಕ ಕೂತಿದ್ದ ತಿರುವಳ್ಳೂರಿನ ಒಬ್ಬ ಅಮ್ಮ ಮಗನ ಹಲ್ಲಿನ ಗುರುತುಗಳಿದ್ದ ತೋಳನ್ನು ತೋರಿಸಿದರು. ನಾನೂ ನನ್ನ ಕೈ ತೋರಿಸಿದೆ. ಇಬ್ಬರೂ ನಕ್ಕೆವು. ಎಂಟು ತಿಂಗಳಲ್ಲಿ ಈ ವಿಷಯಕ್ಕೆ ನಾನು ನಕ್ಕಿದ್ದು ಅದೇ ಮೊದಲು.

ಡಾಕ್ಟರು ಮೊದಲು ಕೇಳಿದ್ದು ಕಿವಿ, ಕಣ್ಣು, ನಿದ್ದೆಯ ಬಗ್ಗೆ. ಸರಿಯಾಗಿ ಕೇಳಿಸದ ಮಗು “ಹೇಳಿದ ಮಾತು ಕೇಳದ ಮಗು” ಎನಿಸಿಕೊಳ್ಳುವುದುಂಟಂತೆ. ಕಿವಿ ಪರೀಕ್ಷೆಯಾಯಿತು, ತೊಂದರೆಯಿಲ್ಲ. ಮನೆಗೊಂದು, ಶಾಲೆಗೊಂದು ಪ್ರಶ್ನಾವಳಿ ಕೊಟ್ಟರು. ನಾನಂತೂ ಇಂಟರ್‌ನೆಟ್ ಓದಿ ಎಡಿಎಚ್‌ಡಿ ಎಂದು ತೀರ್ಮಾನಿಸಿಯೇ ಹೋಗಿದ್ದೆ. ಆ ಹೆಸರು ಇಡಬೇಕಾದರೆ ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು, 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು ಎಂದು ವಿವರಿಸಿದರು. ನಮ್ಮವನಿಗೆ ಈಗಲೇ ಹೆಸರು ಬೇಡ, ಮೊದಲು ನೀವಿಬ್ಬರೂ ಬನ್ನಿ ಅಂದರು. ಮಗನಲ್ಲ, ನಾವು! ಅಲ್ಲಿ ನನಗೆ ಸಿಟ್ಟೇ ಬಂತು.

ಎರಡನೇ ಭೇಟಿಯಲ್ಲಿ ಸೈಕಾಲಜಿಸ್ಟ್ ನನ್ನ ಪಿಸ್ತೂಲಿನ ಕತೆ ಕೇಳಿ ಒಂದು ಕಾಗದದ ಮೇಲೆ ಸುತ್ತು ಬರೆದರು. ಮಗು ಹಟ ಮಾಡುತ್ತದೆ, ನಾವು ಗದರುತ್ತೇವೆ, ಅದು ಇನ್ನೂ ಜೋರು ಮಾಡುತ್ತದೆ, ನಾವು ಸೋತು ಕೊಡುತ್ತೇವೆ. ಕೊಟ್ಟ ಕೂಡಲೇ ಅಳು ನಿಲ್ಲುತ್ತದೆ, ಅದು ನಮಗೆ ಸಿಕ್ಕ ಬಹುಮಾನ. ಜೋರು ಮಾಡಿದ್ದಕ್ಕೆ ಪಿಸ್ತೂಲು ಸಿಗುತ್ತದೆ, ಅದು ಅವನಿಗೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಪಾಠ ಹೇಳಿಕೊಡುತ್ತೇವೆ. ಮನೆಗೆ ಬಂದು ಹುಡುಕಿ ಓದಿದೆ: ಅಮೆರಿಕದ ಆರೆಗನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞ ಮನೆಗಳಲ್ಲಿ ಕೂತು ಗಮನಿಸಿ ಬಿಡಿಸಿಟ್ಟ ಸುತ್ತು ಇದು, 1982ರಲ್ಲಿ ಅವರು ಇದರ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಮಕ್ಕಳ ವರ್ತನೆಗೆ ಹೆತ್ತವರಿಗೆ ತರಬೇತಿ ಕೊಡುವ ಪದ್ಧತಿ ಬೆಳೆದಿದ್ದು ಇಂಥ ಕೆಲಸದಿಂದಲೇ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2023ರಲ್ಲಿ ಹೆತ್ತವರ ತರಬೇತಿಗೆಂದೇ ಮಾರ್ಗಸೂಚಿ ಹೊರಡಿಸಿದೆ.

ನಮಗೆ ಕೊಟ್ಟ ಕೆಲಸ ಸಣ್ಣದು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಗಲಾಟೆಗೆ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು. ಆಫೀಸಿನಲ್ಲಿ ಸರ್ವರ್ ಬಿದ್ದರೆ ನಾನು ಮಾಡುವ ಕೆಲಸವೇ ಇದು, ಮಗನ ವಿಷಯದಲ್ಲಿ ತೋಚಿರಲಿಲ್ಲ. ಮೂರು ವಾರಕ್ಕೆ ಎರಡು ಸಂಗತಿ ಕಂಡವು. ಸಂಜೆಯ ಗಲಾಟೆ ಹೆಚ್ಚಾಗಿ ಆಗುತ್ತಿದ್ದದ್ದು ನಾನು ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದ ಹತ್ತು ನಿಮಿಷದೊಳಗೆ. ಶಾಲೆಯ ಗಲಾಟೆ ಹೆಚ್ಚಾಗಿ ಗಟ್ಟಿಯಾಗಿ ಓದಿಸುವ ಪೀರಿಯಡ್‌ನಲ್ಲಿ.

ಈಗ ನಾನು ಬಂದ ಕೂಡಲೇ ಹದಿನೈದು ನಿಮಿಷ ಅವನದು. ಆಟ ಅವನೇ ಆರಿಸುತ್ತಾನೆ, ನಾನು ತಿದ್ದುವಂತಿಲ್ಲ. ವಾರಕ್ಕೆರಡು ಸಂಜೆ ಮೈ ಲೇಡೀಸ್ ಪಾರ್ಕಿಗೆ ಕರೆದುಕೊಂಡು ಹೋಗಿ ಓಡಿಸುತ್ತೇವೆ. “ಗಲಾಟೆ ಮಾಡಬೇಡ” ಎನ್ನುವ ಬದಲು “ಚಪ್ಪಲಿ ಹಾಕಿಕೋ” ಎಂದು ಒಂದು ಸಲಕ್ಕೆ ಒಂದೇ ಮಾತು. ಹಟಕ್ಕೆ ಸೋಲದಿದ್ದರೆ ಮೊದಮೊದಲು ಹಟ ಜಾಸ್ತಿಯಾಗುತ್ತದೆ ಎಂದು ಎಚ್ಚರಿಸಿದ್ದರು. ಆಯಿತು ಕೂಡ. ಎರಡನೇ ವಾರ ಒಂದು ರಾತ್ರಿ ನಲವತ್ತು ನಿಮಿಷ ಬಾಗಿಲು ಒದ್ದ. ನಾನು ಕೈ ಎತ್ತಿದೆ, ಹೆಂಡತಿ ಹಿಡಿದಳು. ಅಂದು ನಿದ್ದೆ ಬರದೆ 14416ಕ್ಕೆ ಫೋನ್ ಮಾಡಿದೆ. ಅದು 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್. ದಿನದ 24 ಗಂಟೆಯೂ ಉಚಿತ, ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಕನ್ನಡವೂ ಇದೆ. “ನಾನು ನನ್ನ ಮಗನಿಗೆ ಹೊಡೆಯುತ್ತೇನೆ” ಎಂಬ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ್ದರೆ ಅದು ಬೇರೆ ಯಾರದೋ ಕತೆಯಂತೆ ಕೇಳುತ್ತಿತ್ತು.

ಕನ್ನಡದ ಮಾತು ಬಂತಲ್ಲ, ಎಗ್ಮೋರಿನಲ್ಲಿ ನಾನು ಮರೆಯದೆ ಕೇಳಿದ ಪ್ರಶ್ನೆ ಅದೇ. ಮನೆಮಾತು ಬಿಡುವ ಅಗತ್ಯವೇ ಇಲ್ಲ, ಹಲವು ಭಾಷೆಯಿಂದ ಇಂಥ ತೊಂದರೆ ಬರುವುದಿಲ್ಲ, ಅಪ್ಪ-ಅಮ್ಮ ತಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಾತಾಡಲಿ ಅಂದರು. ಮಾತು ತಡವಾದ ಮಕ್ಕಳಿಗೂ, ಆಟಿಸಂ ಇರುವ ಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ. ಊರುಬಿಟ್ಟ ನಮ್ಮಂಥ ಎಷ್ಟು ಮನೆಗಳಲ್ಲಿ ಇಂಥ ಸಲಹೆ ಕೇಳಿ ಕನ್ನಡ ನಿಂತಿದೆಯೋ! ನನಗಂತೂ ಕಟ್ಟಿದ ಫೀಸಿಗಿಂತ ಆ ಆರು ವಾರದ ಬಗ್ಗೆಯೇ ಹೆಚ್ಚು ಹೊಟ್ಟೆಯುರಿ.

ಬೇರೆ ಊರುಗಳಲ್ಲಿರುವವರು ಹುಡುಕಬೇಕಾದದ್ದು ದೊಡ್ಡ ಹೆಸರನ್ನಲ್ಲ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇರುತ್ತದೆ; ಮಕ್ಕಳನ್ನು ನೋಡುವ ದಿನ ಯಾವುದೆಂದು ವಿಚಾರಿಸಿ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಹಸ್ತಕ್ಷೇಪ ಕೇಂದ್ರಗಳಿವೆ. ಬೆಳವಣಿಗೆ, ಮಾತು, ಕಲಿಕೆಯ ತೊಂದರೆಗೆ ಅಲ್ಲಿ ಪರೀಕ್ಷೆ, ಚಿಕಿತ್ಸೆ ಉಚಿತ. ಮಗುವಿಗೆ ಯಾರಿಂದಲಾದರೂ ಅಪಾಯವಿದ್ದರೆ 1098. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ ಎಂಬುದೂ ನೆನಪಿರಲಿ. ಮನೆಯಲ್ಲಿ ಹೊಡೆಯುವ ನಾನು ಅದನ್ನೇ ಶಾಲೆಯವರಿಗೆ ಹೇಳಿ ಬಂದಿದ್ದೆ, ಅದು ಬೇರೆ ಮಾತು.

ಓದಿನ ಪೀರಿಯಡ್‌ನ ಗಲಾಟೆಯ ಬಗ್ಗೆ ಸೈಕಾಲಜಿಸ್ಟ್‌ಗೆ ಅನುಮಾನವಿದೆ. ಡಿಸ್ಲೆಕ್ಸಿಯಾ ಇರಬಹುದೇ ಎಂದು ಪರೀಕ್ಷೆ ಮಾಡಿಸಬೇಕು. ಈ ನಗರದಲ್ಲಿ ಇದಕ್ಕೆಂದೇ ಮದ್ರಾಸ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಇದೆ. ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನೂ ಓದಾಕ ಭಾಳ ಅಳತಿದ್ದಿ. ಬೆಲ್ಟು ಅದಕ್ಕೇ ಬಂದಿದ್ದು” ಅಂದರು.

ಪರೀಕ್ಷೆ ಮುಂದಿನ ತಿಂಗಳು. ಹೋದ ವಾರ ಒಂದು ದಿನದ ರಜೆ ಹಾಕಿದೆ. ಕಾರಣದ ಜಾಗದಲ್ಲಿ ಈ ಸಲ ಜ್ವರ ಎಂದು ಬರೆಯಲಿಲ್ಲ.