ಹುಟ್ಟುಹಬ್ಬಕ್ಕೆ ಎಷ್ಟು ಮುಯ್ಯಿ?

ಮದುವೆಗೆ ಎಷ್ಟು ಮುಯ್ಯಿ ಮಾಡಬೇಕೆಂದು ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಯಾರೂ ಹೆಚ್ಚು ಹೊತ್ತು ತಲೆ ಕೆಡಿಸಿಕೊಳ್ಳುವುದಿಲ್ಲ. ಮನೆಯ ಹಳೆಯ ಮುಯ್ಯಿ ಪುಸ್ತಕ ತೆಗೆದು ನೋಡಿದರೆ ಮುಗಿಯಿತು. ಹುಟ್ಟುಹಬ್ಬದ ಸಂಗತಿ ಹಾಗಲ್ಲ. ಮಗುವಿನ ಮೊದಲ ವರ್ಷ, ಹಿರಿಯರ ಅರವತ್ತು, ಎಪ್ಪತ್ತು, ಎಂಬತ್ತು ಈಗ ಪತ್ರಿಕೆ ಹಂಚಿ, ಪೆಂಡಾಲು ಹಾಕಿ ಮಾಡುವ ಸಮಾರಂಭಗಳಾಗಿವೆ. ಆದರೆ ಇವುಗಳಿಗೆ ಕೊಡುವ ಉಡುಗೊರೆಗೆ ಇನ್ನೂ ಒಂದು ಪದ್ಧತಿ ಕುದುರಿಲ್ಲ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯ ಗೋವಿನಕೋವಿ ಹೋಬಳಿಯಲ್ಲಾಗಲಿ, ಚನ್ನಗಿರಿ, ಜಗಳೂರಿನ ಊರುಗಳಲ್ಲಾಗಲಿ ಈ ತೊಡಕು ಒಂದೇ.

ಹಿರಿಯರ ಮಟ್ಟಿಗೆ ಹುಟ್ಟಿದ ದಿನವೇ ಒಂದು ಅಂದಾಜು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಎಷ್ಟೋ ಜನರ ದಾಖಲೆಯಲ್ಲಿ ಹಾಗೆಯೇ ಉಳಿದಿದೆ. ಪ್ರತಿವರ್ಷ ಹುಟ್ಟುಹಬ್ಬ ಆಚರಿಸುವ ರೂಢಿ ಅವರಿಗೆ ಇರಲಿಲ್ಲ. ಇದ್ದದ್ದು ಕೆಲವು ಗಡಿ ವರ್ಷಗಳು ಮಾತ್ರ. ಪ್ರಭವದಿಂದ ಅಕ್ಷಯದವರೆಗಿನ 60 ಸಂವತ್ಸರಗಳು ಒಂದು ಸುತ್ತು ಮುಗಿಸಿ, ಹುಟ್ಟಿದ ಸಂವತ್ಸರವೇ ಮರಳಿ ಬರುವಾಗ ಷಷ್ಟ್ಯಬ್ದಿ. ಎಪ್ಪತ್ತಕ್ಕೆ ಭೀಮರಥ ಶಾಂತಿ. ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರಚಂದ್ರ ದರ್ಶನ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.53 ದಿನ ಎಂದು ಲೆಕ್ಕ ಹಿಡಿದರೆ ಸಾವಿರ ಹುಣ್ಣಿಮೆಗೆ ಎಂಬತ್ತು ವರ್ಷ ಹತ್ತು ತಿಂಗಳಾಗುತ್ತದೆ. ಈ ಶಾಂತಿಗಳಲ್ಲಿ ಉಡುಗೊರೆಯ ದಿಕ್ಕೇ ಬೇರೆ: ವಯಸ್ಸಾದವರು ಪಡೆಯುವವರಲ್ಲ, ದಾನ ಮಾಡುವವರು. ಮಕ್ಕಳು ಬಟ್ಟೆ ತಂದು ಉಡಿಸುತ್ತಾರೆ, ಊಟದ ಖರ್ಚು ಹೊರುತ್ತಾರೆ. ಬಂದ ನೆಂಟರು ಕಾಲಿಗೆ ನಮಸ್ಕರಿಸಿ ಉಂಡು ಹೋಗುತ್ತಾರೆ. ಲಕೋಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು ಮದುವೆ ಮನೆಯಿಂದ ಇಲ್ಲಿಗೆ ಬಂದ ಅಭ್ಯಾಸ. ಹದಿನೆಂಟು, ಇಪ್ಪತ್ತೊಂದು, ಐವತ್ತು ಪೇಟೆಯಿಂದ ಬಂದ ಲೆಕ್ಕಗಳು. ಅವು ಗೆಳೆಯರ ನಡುವೆಯೇ ಮುಗಿಯುತ್ತವೆ, ಊರಿಗೆ ಊರೇ ಬರುವುದಿಲ್ಲ.

ಮುಯ್ಯಿ ಒಂದು ಬಗೆಯ ಕೈಸಾಲ. ಮದುವೆ ಮನೆಯ ಬಾಗಿಲಲ್ಲಿ ಒಬ್ಬರು ಕೂತು ಕೊಟ್ಟವರ ಹೆಸರು, ಊರು, ಮೊತ್ತ ಬರೆಯುತ್ತಾರೆ. ಮುಂದೆ ಕೊಟ್ಟವರ ಮನೆಯಲ್ಲಿ ಕಾರ್ಯ ಬಂದಾಗ ಅದೇ ಮೊತ್ತಕ್ಕೆ ಒಂದಿಷ್ಟು ಸೇರಿಸಿ ತೀರಿಸಬೇಕು. ಸರಿಯಾಗಿ ಅಷ್ಟನ್ನೇ ಕೊಟ್ಟರೆ ಲೆಕ್ಕ ಚುಕ್ತಾ ಆದಂತೆ, ಸ್ವಲ್ಪ ಹೆಚ್ಚು ಕೊಟ್ಟರೆ ನೆಂಟಸ್ತನ ಮುಂದುವರಿದಂತೆ. 101, 501, 1001 ಎಂದು ಒಂದು ರೂಪಾಯಿ ಕೂಡಿಸುವ ರೂಢಿಯೂ ಸೊನ್ನೆಯಲ್ಲಿ ಮುಗಿಯಬಾರದೆಂಬ ಇದೇ ಭಾವನೆಯಿಂದ ನಡೆದಿದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಪ್ರಕಟಿಸಿದ ಉಡುಗೊರೆಯ ಅಧ್ಯಯನದಲ್ಲಿ ಹೇಳಿದ್ದೂ ಇದನ್ನೇ: ಕೊಡುವುದು, ಪಡೆಯುವುದು, ಮರಳಿಸುವುದು ಮೂರೂ ಕಟ್ಟುಪಾಡುಗಳು. ಮುಯ್ಯಿ ಪುಸ್ತಕ ಇಟ್ಟ ಯಾವ ಮನೆಗೂ ಇದು ಹೊಸ ವಿಚಾರವಲ್ಲ.

ಈ ಸರಪಳಿ ಮದುವೆಯಲ್ಲಿ ನಡೆಯುತ್ತದೆ, ಏಕೆಂದರೆ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಮದುವೆ ಆಗುತ್ತದೆ. ಅರವತ್ತರ ಸಮಾರಂಭವನ್ನು ಎಲ್ಲರೂ ಮಾಡುವುದಿಲ್ಲ. ಇಬ್ಬರು ಮಕ್ಕಳು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮನೆ ಮಾಡುತ್ತದೆ, ಎರಡೆಕರೆ ಮೆಕ್ಕೆಜೋಳದ ಮನೆ ಮಾಡುವುದಿಲ್ಲ. ಮೊದಲಿನ ಮನೆಗೆ ಎರಡನೆಯವರು ಹಾಕಿದ ದೊಡ್ಡ ಮುಯ್ಯಿ ತಿರುಗಿ ಬರುವ ದಾರಿಯೇ ಇರುವುದಿಲ್ಲ. ಆದ್ದರಿಂದ ಹುಟ್ಟುಹಬ್ಬದ ಉಡುಗೊರೆಯನ್ನು ಮದುವೆಯ ಪುಸ್ತಕಕ್ಕೆ ಸೇರಿಸದಿರುವುದೇ ಲೇಸು. ಆಮಂತ್ರಣದಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸುವ ಮನೆಗಳು ಸರಿಯಾದ ಕೆಲಸವನ್ನೇ ಮಾಡುತ್ತಿವೆ. ಆದರೂ ಲಕೋಟೆ ತಂದವರಿಂದ ಕೈಚಾಚಿ ಪಡೆದರೆ ಆ ಸಾಲು ಬರೀ ಅಲಂಕಾರವಾಗುತ್ತದೆ. ಬರಿಗೈಲಿ ಬಂದವರಿಗೆ ಅವಮಾನವೂ ಆಗುತ್ತದೆ.

ಹಾಗಾದರೆ ಮೊತ್ತ ನಿರ್ಧಾರವಾಗುವುದು ಹೇಗೆ? ಮೊದಲು ನೋಡಬೇಕಾದದ್ದು ವಯಸ್ಸಲ್ಲ, ವರಸೆ. ಮೊದಲ ಹುಟ್ಟುಹಬ್ಬದಲ್ಲಿ ಸೋದರಮಾವನಿಗೆ ತಪ್ಪಿಸಿಕೊಳ್ಳಲು ಬಾರದ ಪಾಲಿದೆ: ಬೆಳ್ಳಿ ಉಡಿದಾರ, ಕಾಲ್ಗೆಜ್ಜೆ, ಅನುಕೂಲವಿದ್ದರೆ ಚಿನ್ನದ ಉಂಗುರ. ತೊಟ್ಟಿಲಿಗೋ ಜವಳಕ್ಕೋ ಇವನ್ನು ಆಗಲೇ ಕೊಟ್ಟಿದ್ದರೆ ಹುಟ್ಟುಹಬ್ಬಕ್ಕೆ ಮತ್ತೆ ಕೊಡಬೇಕಿಲ್ಲ. ಒಂದು ಜೊತೆ ಬಟ್ಟೆ ಸಾಕು. ಅಜ್ಜ–ಅಜ್ಜಿ, ಚಿಕ್ಕಪ್ಪ, ಅತ್ತೆ ತಮ್ಮ ತಮ್ಮ ಶಕ್ತಿ ನೋಡಿ ಮಾಡುತ್ತಾರೆ. ಓಣಿಯವರು, ಸಹೋದ್ಯೋಗಿಗಳು ಕೊಡುವುದು ಬಂದದ್ದಕ್ಕೆ ಗುರುತು ಮಾತ್ರ. ಅದು ಒಬ್ಬರ ಊಟದ ಖರ್ಚಿನ ಆಸುಪಾಸಿನಲ್ಲಿದ್ದರೆ ಯಾರಿಗೂ ಭಾರವಲ್ಲ.

ಕಷ್ಟ ಬರುವುದು ಚಿನ್ನದಲ್ಲಿ. 2005ರ ಸುಮಾರಿಗೆ ಹತ್ತು ಗ್ರಾಂ ಚಿನ್ನಕ್ಕೆ ಏಳು ಸಾವಿರ ರೂಪಾಯಿಯ ಆಸುಪಾಸು ಬೆಲೆಯಿತ್ತು. 2025ರ ಏಪ್ರಿಲ್‌ನಲ್ಲಿ ಅದು ಮೊದಲ ಬಾರಿಗೆ ಒಂದು ಲಕ್ಷ ದಾಟಿತು. 2005ರಲ್ಲಿ 500 ರೂಪಾಯಿ ಮುಯ್ಯಿ ಮಾಡಿದವರು ಮುಕ್ಕಾಲು ಗ್ರಾಮಿಗೆ ಹತ್ತಿರದ ಚಿನ್ನ ಕೊಟ್ಟಂತಿತ್ತು. ಲಕ್ಷದ ಬೆಲೆಯಲ್ಲಿ ಅದೇ 500ಕ್ಕೆ ಸಿಗುವುದು ಗ್ರಾಮಿನ ಇಪ್ಪತ್ತನೇ ಒಂದು ಭಾಗ. ಹಾಗಾಗಿ ಅಣ್ಣನ ಮಗುವಿಗೆ ಹಿಂದೆ ಎರಡು ಗ್ರಾಮಿನ ಉಂಗುರ ಬಂದಿತ್ತು ಎಂಬ ಕಾರಣಕ್ಕೆ ತಮ್ಮನ ಮಗುವಿಗೂ ಎರಡು ಗ್ರಾಂ ಬೇಕೆನ್ನುವುದು ಸಮಾನತೆಯಂತೆ ಕಂಡರೂ ಸಮಾನತೆಯಲ್ಲ. ಕೊಡುವವರ ಹೊರೆ ಹತ್ತು ಪಾಲಿಗೂ ಮಿಕ್ಕಿ ಬೆಳೆದಿರುತ್ತದೆ. ಕೊಡಲೇಬೇಕೆಂದಾದರೆ ಬೆಲೆಯ ಜೊತೆಗೆ ಮಜೂರಿಯನ್ನೂ ಶೇ 3ರಷ್ಟು ಜಿಎಸ್‌ಟಿಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ಚಿನ್ನದ ಒಡವೆಗೆ ಆರಂಕಿಯ ಎಚ್‌ಯುಐಡಿ ಹಾಲ್‌ಮಾರ್ಕ್ ಗುರುತು 2023ರ ಏಪ್ರಿಲ್ 1ರಿಂದ ಕಡ್ಡಾಯ. ಆದರೆ ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ವಿನಾಯಿತಿ ಇದೆ, ಮತ್ತು ಮಕ್ಕಳ ಉಂಗುರಗಳು ಬಹುಪಾಲು ಈ ತೂಕದವೇ. ಹೊನ್ನಾಳಿ ಪೇಟೆಯಲ್ಲಿ ಕೊಂಡರೂ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡರೂ ತೂಕ, ಕ್ಯಾರೆಟ್ ಬರೆದ ಬಿಲ್ಲನ್ನು ಒಡವೆಯ ಜೊತೆಗೇ ಕೊಡುವುದು ಒಳ್ಳೆಯದು.

ಕಾಲವೂ ಒಂದು ಲೆಕ್ಕ. ಮೆಕ್ಕೆಜೋಳದ ದುಡ್ಡು ಕೈಗೆ ಬರುವುದು ದೀಪಾವಳಿಯ ಆಚೀಚೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ ಕೊಯ್ಲು ಮುಗಿದು ಮಾಲು ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ತುಮ್‌ಕೋಸ್‌ಗೋ ಮಂಡಿಗೋ ಹೋದ ಮೇಲೆ. ಬಿತ್ತನೆ ಬೀಜ, ಗೊಬ್ಬರ, ಶಾಲೆಯ ಫೀಜು ಒಟ್ಟಿಗೆ ಬರುವ ಜೂನ್‌ನಲ್ಲಿ ಯಾರ ಮನೆಯಲ್ಲೂ ಕಾಸು ಇರುವುದಿಲ್ಲ; ಅಜ್ಜಂದಿರ ದಾಖಲೆಯ ಹುಟ್ಟುಹಬ್ಬ ಬರುವುದೋ ಅದೇ ತಿಂಗಳಲ್ಲಿ! ಸುಗ್ಗಿಯ ನಂತರ ಕೊಡುವುದಾಗಿ ಹೇಳಿದರೆ ನೆಂಟರಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಸ್ವಸಹಾಯ ಸಂಘದಿಂದ ಸಾಲ ತೆಗೆದು ಉಂಗುರ ಕೊಡುವವರ ಕಂತು ಮಾತ್ರ ವಾರ ವಾರವೂ ಬರುತ್ತದೆ.

ಹೆಚ್ಚು ಬೆಲೆಯದನ್ನು ಕೊಟ್ಟರೆ ಹೆಚ್ಚು ಸಂತೋಷವಾಗುತ್ತದೆಯೇ ಎಂಬುದನ್ನೂ ಅಮೆರಿಕದಲ್ಲಿ ಸಂಶೋಧಕರು ನೋಡಿದ್ದಾರೆ. ಫ್ರಾನ್ಸಿಸ್ ಫ್ಲಿನ್ ಮತ್ತು ಗೇಬ್ರಿಯಲ್ ಆಡಮ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಲೆ ಹೆಚ್ಚಿದಷ್ಟೂ ಮೆಚ್ಚುಗೆ ಹೆಚ್ಚೆಂದು ಕೊಡುವವರು ನಂಬಿದ್ದರು. ಪಡೆದವರ ಮೆಚ್ಚುಗೆಗೂ ಬೆಲೆಗೂ ಅಂಥ ನಂಟು ಕಾಣಲಿಲ್ಲ. ಅದಕ್ಕೂ ಮೊದಲು, 1993ರಲ್ಲಿ, ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ ಕ್ರಿಸ್ಮಸ್ ಉಡುಗೊರೆಗಳ ಲೆಕ್ಕ ಮಾಡಿ, ಬೆಲೆಯ ಹತ್ತನೇ ಒಂದರಿಂದ ಮೂರನೇ ಒಂದು ಭಾಗದಷ್ಟು ಪೋಲಾಗುತ್ತದೆ ಎಂದಿದ್ದರು. ಅಮೆರಿಕದ ಮಾತು ಇಲ್ಲಿಗೆ ಹಾಗೆಯೇ ಹೊಂದಬೇಕೆಂದಿಲ್ಲ. ಆದರೆ ಅರವತ್ತಾದವರ ಅಟ್ಟದಲ್ಲಿ ಪೊಟ್ಟಣ ಬಿಚ್ಚದ ಗೋಡೆ ಗಡಿಯಾರಗಳನ್ನೂ ಸ್ಟೀಲ್ ಡಬ್ಬಿಗಳನ್ನೂ ಕಂಡವರು ಒಪ್ಪುತ್ತಾರೆ. ಹತ್ತು ಜನ ಹತ್ತು ಶಾಲು ಹೊದಿಸುವ ಬದಲು ಸೇರಿಕೊಂಡು ಶ್ರವಣಯಂತ್ರವನ್ನೋ ಮಂಡಿನೋವಿಗೆ ಅನುಕೂಲವಾದ ಮಂಚವನ್ನೋ ಕೊಡಿಸಬಹುದು. ಅಣ್ಣತಮ್ಮಂದಿರು, ಅಕ್ಕತಂಗಿಯರು ಹಾಗೆ ಸೇರಿದಾಗ ಸಮಪಾಲಿಗಿಂತ ಆದಾಯಕ್ಕೆ ತಕ್ಕ ಪಾಲು ನ್ಯಾಯವಾದದ್ದು. ಯಾರೆಷ್ಟು ಹಾಕಿದರೆಂದು ಮೈಕಿನಲ್ಲಿ ಓದದಿದ್ದರೆ ಇನ್ನೂ ಚೆನ್ನ.

ಮೊತ್ತ ದೊಡ್ಡದಾದರೆ ಕಾನೂನೂ ಒಳಗೆ ಬರುತ್ತದೆ. ಉಡುಗೊರೆ ತೆರಿಗೆಯ ಪ್ರತ್ಯೇಕ ಕಾಯ್ದೆ 1998ರ ಅಕ್ಟೋಬರ್‌ನಿಂದ ನಿಂತುಹೋಗಿದ್ದರೂ ಆದಾಯ ತೆರಿಗೆ ಕಾನೂನಿನಲ್ಲಿ ಪಡೆದವರ ಮೇಲೆ ಹೊಣೆ ಇದೆ. ಮದುವೆಯಲ್ಲಿ ಬಂದ ಉಡುಗೊರೆಗೆ ಇರುವ ವಿನಾಯಿತಿ ಹುಟ್ಟುಹಬ್ಬಕ್ಕೆ ಇಲ್ಲ. ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಬಂದ ಹಣ 50,000 ರೂಪಾಯಿ ಮೀರಿದರೆ ಪೂರ್ತಿ ಮೊತ್ತ ಆದಾಯವಾಗುತ್ತದೆ. ಒಡವೆಗೂ ಇದೇ ಮಿತಿ. ಚಿನ್ನಕ್ಕೆ ಲಕ್ಷ ಬೆಲೆಯಿದ್ದರೆ ಐದು ಗ್ರಾಮಿಗೇ ಆ ಮಿತಿ ಮುಟ್ಟುತ್ತದೆ. ತಂದೆತಾಯಿ, ಒಡಹುಟ್ಟಿದವರು, ಸೋದರಮಾವ, ಚಿಕ್ಕಪ್ಪ, ಅತ್ತೆ ಕಾನೂನಿನ ಕಣ್ಣಿಗೂ ಸಂಬಂಧಿಕರೇ. ದೊಡ್ಡಪ್ಪನ ಮಗ ಮಾತ್ರ ಅಲ್ಲ, ಊರು ಅವನನ್ನು ಅಣ್ಣ ಎಂದು ಕರೆದರೂ. ಇನ್ನು ಒಂದೇ ಸಮಾರಂಭಕ್ಕೆ ಒಬ್ಬರಿಂದ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ.

ಒಂದು ವರ್ಷದ ಹೆಣ್ಣುಮಗುವಿಗೆ ಒಡವೆಯ ಬದಲು ಹಣ ಕೂಡಿಡುವ ಮನಸ್ಸಿದ್ದರೆ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆ ಅಂಚೆ ಕಚೇರಿಯಲ್ಲೇ ಸಿಗುತ್ತದೆ. ಹತ್ತು ವರ್ಷದೊಳಗಿನ ಮಗುವಿಗೆ ತಂದೆತಾಯಿ ಅಥವಾ ಪೋಷಕರು ತೆರೆಯಬೇಕು. ವರ್ಷಕ್ಕೆ ಕನಿಷ್ಠ 250, ಗರಿಷ್ಠ ಒಂದೂವರೆ ಲಕ್ಷ ರೂಪಾಯಿ ಕಟ್ಟಬಹುದು. ಹದಿನೈದು ವರ್ಷ ಕಟ್ಟಿದರೆ ತೆರೆದ ದಿನದಿಂದ ಇಪ್ಪತ್ತೊಂದು ವರ್ಷಕ್ಕೆ ಅದು ಪಕ್ವವಾಗುತ್ತದೆ. ಮಾವನಾಗಲಿ ಅಜ್ಜನಾಗಲಿ ಮೊದಲ ಕಂತಿನ ಹಣ ಕೊಡುವ ಮುನ್ನ, ಉಳಿದ ಹದಿನಾಲ್ಕು ವರ್ಷ ಕಟ್ಟುವವರು ಯಾರೆಂದು ಮಗುವಿನ ತಂದೆತಾಯಿಯ ಜೊತೆ ಮಾತಾಡಿಕೊಳ್ಳಬೇಕು.