ಮೊಬೈಲ್ ಆಟ ಮತ್ತು ಹದಿಹರೆಯದ ಮಕ್ಕಳ ಮೈತೂಕ

ಆಟದ ಮೂಲಕ ಪಾಠ ಹೇಳುವ ಪದ್ಧತಿ ನಮಗೆ ಹೊಸತಲ್ಲ. ನಮ್ಮ ಹಿರಿಯರು ಪರಮಪದ ಸೋಪಾನದ ಪಟವನ್ನು ಹಾಸಿ, ಏಣಿಯಿಂದ ಸದ್ಗುಣದ ಫಲವನ್ನೂ ಹಾವಿನಿಂದ ದುರ್ಗುಣದ ಫಲವನ್ನೂ ಮಕ್ಕಳ ಮನಸ್ಸಿಗೆ ನಾಟಿಸುತ್ತಿದ್ದರು. ಇಂದು ಆ ಪಟದ ಸ್ಥಾನವನ್ನು ಅಂಗೈಯಗಲದ ಮೊಬೈಲ್ ಫೋನು ಆಕ್ರಮಿಸಿದೆ. ಮುಂಬಯಿಯಂತಹ ಮಹಾನಗರದಲ್ಲಿ ಶಾಲೆ, ಟ್ಯೂಷನ್, ಪ್ರಯಾಣಗಳು ಮುಗಿದ ಮೇಲೆ ಮಕ್ಕಳಿಗೆ ಉಳಿಯುವ ಅಲ್ಪ ಬಿಡುವನ್ನೂ ಈ ಯಂತ್ರ ನುಂಗುತ್ತಿದೆಯೆಂಬುದು ಮನೆಮನೆಯ ದೂರು. ದೂರು ನ್ಯಾಯವಾದುದೇ. ಆದರೂ ಇದೇ ಯಂತ್ರದಿಂದ ಮಕ್ಕಳಿಗೆ ಆರೋಗ್ಯಕರ ತೂಕದ ತಿಳಿವಳಿಕೆಯನ್ನು ಕೊಡಲು ಸಾಧ್ಯವೇ ಎಂದು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. ಈ ಲೇಖಕನು ವೈದ್ಯನಲ್ಲ. ಬ್ಯಾಂಕಿನಲ್ಲಿ ಜಮಾ-ಖರ್ಚು ನೋಡುವವನು. ಆದುದರಿಂದ ಈ ವಿಷಯದ ತಾಳೆಪಟ್ಟಿಯೊಂದನ್ನು ಓದುಗರ ಮುಂದಿಡುವುದಷ್ಟೇ ಇಲ್ಲಿನ ಉದ್ದೇಶ.

ಆರೋಗ್ಯಕರ ತೂಕವೆಂದರೇನು?

ತೂಕವನ್ನು ಕಿಲೋಗ್ರಾಂನಲ್ಲಿ ತೆಗೆದುಕೊಂಡು, ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಗೆ ಬಿ.ಎಂ.ಐ. ಎನ್ನುತ್ತಾರೆ. ವಯಸ್ಕರಿಗೆ ಈ ಒಂದು ಅಂಕಿ ಸಾಕಾಗಬಹುದು. ಬೆಳೆಯುವ ಮಕ್ಕಳಲ್ಲಿ ಅದನ್ನು ವಯಸ್ಸು ಮತ್ತು ಲಿಂಗಕ್ಕನುಗುಣವಾಗಿ ಓದಬೇಕು. ಇದಕ್ಕಾಗಿಯೇ ಭಾರತೀಯ ಮಕ್ಕಳ ವೈದ್ಯರ ಸಂಸ್ಥೆಯು 2015ರಲ್ಲಿ 5ರಿಂದ 18 ವರ್ಷದವರಿಗೆ ಬೆಳವಣಿಗೆಯ ನಕ್ಷೆಗಳನ್ನು ಪ್ರಕಟಿಸಿದೆ.

ಆರೋಗ್ಯಕರ ತೂಕವೆಂದರೆ ತೆಳ್ಳಗಿರುವುದು ಎಂಬ ಭಾವನೆ ತಪ್ಪು. 2016–18ರ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 10ರಿಂದ 19 ವರ್ಷದವರಲ್ಲಿ ಶೇಕಡಾ 24 ಮಂದಿ ಕೃಶರು. ಶೇಕಡಾ 5 ಮಂದಿ ಅಧಿಕ ತೂಕದವರು. ಈ ಎರಡನೆಯ ತೊಂದರೆ ಹಳ್ಳಿಗಿಂತ ಪೇಟೆಯಲ್ಲಿ ಹೆಚ್ಚು.

ಶರೀರವೂ ಒಂದು ಖಾತೆಯೇ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ ಸುಮಾರು 4 ಕ್ಯಾಲರಿ, ಕೊಬ್ಬಿನಿಂದ 9 ಕ್ಯಾಲರಿ ಜಮೆಯಾಗುತ್ತದೆ. 300 ಮಿಲಿಲೀಟರಿನ ತಂಪು ಪಾನೀಯದ ಸೀಸೆಯಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುವುದುಂಟು. ಅಂದರೆ 120 ಕ್ಯಾಲರಿ. ನಡಿಗೆ, ಓಟ, ಆಟಗಳು ಖರ್ಚಿನ ಬದಿ. ಆದರೆ ಹದಿಹರೆಯದಲ್ಲಿ ಎಲುಬು, ಸ್ನಾಯುಗಳು ಬೆಳೆಯಬೇಕಾದುದರಿಂದ ಜಮೆ ಸ್ವಲ್ಪ ಹೆಚ್ಚೇ ಇರಬೇಕು. ಆದ್ದರಿಂದ ಊಟ ಬಿಟ್ಟು ಲೆಕ್ಕ ಸರಿದೂಗಿಸುವುದು ಈ ವಯಸ್ಸಿಗೆ ಸಲ್ಲದು.

ಪ್ರಯೋಗಗಳು ಹೇಳುವುದೇನು?

ಅಮೆರಿಕೆಯ ಹ್ಯೂಸ್ಟನ್ ನಗರದ ಬೇಲರ್ ವೈದ್ಯಕೀಯ ಕಾಲೇಜಿನ ಸಂಶೋಧಕರು ‘ಎಸ್ಕೇಪ್ ಫ್ರಂ ಡಯಾಬ್’ ಮತ್ತು ‘ನ್ಯಾನೋಸ್ವಾರ್ಮ್’ ಎಂಬ ಎರಡು ಕಂಪ್ಯೂಟರ್ ಆಟಗಳನ್ನು 10ರಿಂದ 12 ವರ್ಷದ ಮಕ್ಕಳ ಮೇಲೆ ಪರೀಕ್ಷಿಸಿದರು. ಕಥೆಯಲ್ಲಿ ಮುನ್ನಡೆಯುತ್ತಲೇ ಮಗು ತನ್ನ ನಿತ್ಯಜೀವನಕ್ಕೂ ಸಣ್ಣ ಗುರಿಗಳನ್ನು ಇಟ್ಟುಕೊಳ್ಳುವಂತೆ ಅವುಗಳ ರಚನೆ. ಈ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಹಣ್ಣು-ತರಕಾರಿಯ ಸೇವನೆ ದಿನಕ್ಕೆ ಒಂದು ಬಡಿಸುವಿಕೆಯ ಸುಮಾರು ಮೂರನೇ ಎರಡರಷ್ಟು ಏರಿತು. ಅಂದರೆ ಹಿಂದಿನದಕ್ಕಿಂತ 0.67 ಬಡಿಸುವಿಕೆಯಷ್ಟು ಹೆಚ್ಚಳ. ನೀರು ಕುಡಿಯುವುದರಲ್ಲಿ, ವ್ಯಾಯಾಮದಲ್ಲಿ, ಮೈಯ ಕೊಬ್ಬಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ನಮ್ಮ ನೆರೆಯ ಚೆನ್ನೈಯಲ್ಲಿಯೂ ಇಂತಹ ಪ್ರಯೋಗ ನಡೆದಿದೆ. ‘ಫೂಯಾ’ ಎಂಬ ಮೊಬೈಲ್ ಆಟವನ್ನು 10–11 ವರ್ಷದ 104 ಮಕ್ಕಳಲ್ಲಿ ಒಂದು ಗುಂಪಿಗೆ ಇಪ್ಪತ್ತು ನಿಮಿಷಗಳ ಎರಡು ಸರದಿಯಲ್ಲಿ ಆಡಿಸಿದರು. ಇನ್ನೊಂದು ಗುಂಪಿಗೆ ‘ಊನೋ’ ಇಸ್ಪೀಟು. ಬಳಿಕ ಆರು ತಿನಿಸುಗಳನ್ನಿಟ್ಟು ಎರಡನ್ನು ಆರಿಸಿಕೊಳ್ಳಲು ಹೇಳಿದಾಗ, ಫೂಯಾ ಆಡಿದವರ ಆಯ್ಕೆ ಹೆಚ್ಚು ಆರೋಗ್ಯಕರವಾಗಿತ್ತೆಂದು 2020ರ ವರದಿ ತಿಳಿಸುತ್ತದೆ.

2016ರಲ್ಲಿ ಲೋಕವನ್ನೇ ಬೀದಿಗಿಳಿಸಿದ ‘ಪೋಕೆಮಾನ್ ಗೋ’ ಆಟದ ಕಥೆ ಬೇರೆ. ಅಮೆರಿಕೆಯ ತರುಣ ವಯಸ್ಕರನ್ನು ಕುರಿತ ಅಧ್ಯಯನದಲ್ಲಿ ಮೊದಲ ವಾರ ದಿನಕ್ಕೆ ಸುಮಾರು 955 ಹೆಜ್ಜೆಗಳು ಹೆಚ್ಚಿದವು; ಆರನೆಯ ವಾರದ ಹೊತ್ತಿಗೆ ಆ ಹೆಚ್ಚಳ ಕರಗಿಹೋಗಿತ್ತು.

ಇವುಗಳಿಂದ ತಿಳಿಯುವುದಿಷ್ಟು: ಆಟವು ತಿಳಿವಳಿಕೆಯನ್ನು ಬಿತ್ತಬಲ್ಲದು, ಆಯ್ಕೆಯನ್ನು ತಿದ್ದಬಲ್ಲದು. ವರ್ಷಗಳ ಬಳಿಕ ಬರುವ ಫಲವನ್ನು ನಿಮಿಷದಲ್ಲಿ ಕಣ್ಣೆದುರು ತೋರಿಸುವುದು, ತಪ್ಪಿದರೆ ಬೈಗುಳವಿಲ್ಲದೆ ಮತ್ತೆ ಆಡಗೊಡುವುದು ಅದರ ಬಲ. ಆದರೆ ಅದೊಂದರಿಂದಲೇ ತೂಕ ಇಳಿಯುವುದೆಂದು ನಂಬಬಾರದು.

ಖರ್ಚಿನ ಬದಿ

ಕುಳಿತು ಆಡುವ ಆಟ ಕುಳಿತೇ ಇರುವ ಅಭ್ಯಾಸವನ್ನೂ ಬೆಳೆಸುತ್ತದೆ. ಹದಿಹರೆಯದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬೆರಳಾಟ ಅದರಲ್ಲಿ ಲೆಕ್ಕಕ್ಕೆ ಬಾರದು. ತಿಂಡಿ ಮಾರುವ ಕಂಪನಿಗಳು ಜಾಹೀರಾತಿಗಾಗಿಯೇ ಆಟಗಳನ್ನು ಹಂಚುವುದುಂಟು. ಆಟವನ್ನು ತಯಾರಿಸಿದವರಾರೆಂದು ಮೊದಲು ನೋಡಿರಿ. ಆಟದೊಳಗೆ ರತ್ನ, ನಾಣ್ಯಗಳ ಮಾರಾಟವಿರುತ್ತದೆ. ಕಾರ್ಡಿನ ವಿವರವನ್ನು ಮಕ್ಕಳ ಫೋನಿನಲ್ಲಿ ಉಳಿಸಬೇಡಿರಿ, ಒ.ಟಿ.ಪಿ. ಮತ್ತು ಯು.ಪಿ.ಐ. ಪಿನ್‌ಗಳನ್ನು ಹೇಳಬೇಡಿರಿ. ಮಕ್ಕಳ ತೂಕವನ್ನು ಪರಸ್ಪರ ಹೋಲಿಸಿ ಸ್ಥಾನ ಕೊಡುವ ಆಟಗಳನ್ನು ಪೂರ್ತಿ ದೂರವಿಡುವುದು ಲೇಸು. ಅವಮಾನಗೊಂಡ ಮಗು ಕದ್ದು ತಿನ್ನಬಹುದು, ಇಲ್ಲವೇ ಊಟವನ್ನೇ ತೊರೆಯಬಹುದು. ಇಂತಹ ಲಕ್ಷಣ ಕಂಡರೆ ವೈದ್ಯರನ್ನು ಕಾಣಲು ತಡಮಾಡಕೂಡದು.

ಮನೆಯವರ ಪಾಲು

ಆಟವನ್ನು ಮೊದಲು ಮಕ್ಕಳ ಜೊತೆ ಕುಳಿತು ಆಡಿ ನೋಡಿರಿ. ಇಪ್ಪತ್ತು ನಿಮಿಷ ಸಾಕು. ಆಟದಲ್ಲಿ ಕಲಿತದ್ದನ್ನು ಆ ದಿನವೇ ಆಚರಣೆಗೆ ತನ್ನಿರಿ: ತಂಪು ಪಾನೀಯದ ಬದಲು ಮಜ್ಜಿಗೆ, ಸಂಜೆಯ ವಡಾಪಾವಿನ ಬದಲು ಕೆಲವು ದಿನವಾದರೂ ಕೋಸಂಬರಿ, ಲಿಫ್ಟಿನ ಬದಲು ಮೆಟ್ಟಿಲು. ಆಯ್ಕೆಯ ಅಧಿಕಾರ ಮಗುವಿನ ಕೈಯಲ್ಲಿರಲಿ. ದಿನವೂ ತೂಕ ನೋಡುವುದು ಬೇಡ. ವೈದ್ಯರಲ್ಲಿಗೆ ಹೋದಾಗ ನಕ್ಷೆಯಲ್ಲಿ ಗುರುತಿಸಿದರೆ ಸಾಕು. ‘ಡುಮ್ಮ’, ‘ಕಡ್ಡಿ’ ಎಂಬ ಅಡ್ಡಹೆಸರುಗಳು ಪ್ರೀತಿಯಿಂದಲೂ ಬೇಡ.

ನಮ್ಮ ಸಂಘದ ಮಕ್ಕಳ ದಿನದಂದು ಲಗೋರಿ, ಕುಂಟೆಬಿಲ್ಲೆಗಳನ್ನು ಆಡಿಸಿದರೆ, ಪರದೆಯ ಮೇಲೆ ಕಲಿತ ಪಾಠಕ್ಕೆ ಮೈದಾನದಲ್ಲಿ ಅಭ್ಯಾಸ ದೊರೆಯುತ್ತದೆ. ಈ ಕುರಿತು ಸದಸ್ಯರು ಹಾಗೂ ಕಾರ್ಯಕಾರಿ ಸಮಿತಿಯವರು ಯೋಚಿಸಬೇಕೆಂದು ವಿನಂತಿ.